ಧರ್ಮಾಸ್ಪತ್ರೆಯ ಹೆರಿಗೆ

ಮುಳಬಾಗಿಲು ತಾಲ್ಲೂಕಿನ ಬೈರಕೂರು ಹೋಬಳಿ ಆಂಧ್ರಪ್ರದೇಶದ ಗಡಿಯ ಮಗ್ಗುಲಲ್ಲಿದೆ. ಈ ಸೀಮೆಯವರು ಶಾಲೆಯಲ್ಲಿ ಕನ್ನಡವನ್ನು ಓದಿ, ಅನೇಕ ಮನೆಗಳಲ್ಲಿ ತೆಲುಗನ್ನು ಆಡುತ್ತಾರೆ. ತೆಲುಗಿನಲ್ಲಿ ಸರ್ಕಾರಿ ಆಸ್ಪತ್ರೆಗೆ 'ಧರ್ಮಾಸುಪತ್ರಿ' ಎಂಬ ಹಳೆಯ ಹೆಸರೊಂದು ಉಂಟು. ಕನ್ನಡದ ಹಿರಿಯರೂ 'ಧರ್ಮಾಸ್ಪತ್ರೆ' ಎಂದೇ ಕರೆಯುತ್ತಿದ್ದರು. ಇಲ್ಲಿ ಧರ್ಮ ಎಂದರೆ ದಾನ, ಪುಕ್ಕಟೆಯಾಗಿ ಹಾಕಿದ್ದು ಎಂದರ್ಥ. ಪುಕ್ಕಟೆಯಾಗಿ ಬಂದುದನ್ನು ಎರಡು ಬಗೆಯಾಗಿ ನೋಡುವುದು ಮನುಷ್ಯಸ್ವಭಾವ. ಮೊದಲನೆಯದಾಗಿ, ದಾನ ತೆಗೆದುಕೊಳ್ಳುವವನು ಬಡವ, ನಾವು ಅಂಥವರಲ್ಲ ಎಂಬ ಅಭಿಮಾನ. ಎರಡನೆಯದಾಗಿ, ಕಾಸು ಕೊಡದ ಕಡೆ ನಮ್ಮನ್ನು ಕೇಳುವವರು ಯಾರು ಎಂಬ ಅಳುಕು. ಇವೆರಡೂ ಸೇರಿ ಗರ್ಭಿಣಿಯೊಬ್ಬಳು ಎಲ್ಲಿ ಹೆರಬೇಕೆಂಬುದನ್ನು ಎಷ್ಟೋ ಮನೆಗಳಲ್ಲಿ ತೀರ್ಮಾನಿಸುತ್ತವೆ.

ಸೊಸೆಯನ್ನು 'ಗೌರ್ಮೆಂಟ್ ಆಸ್ಪತ್ರೆಗೆ ಹಾಕಿದರು' ಎಂಬ ಮಾತು ಬೀಗರ ಬಾಯಲ್ಲಿ ಕೊಂಕಾಗಿ ಬರುವುದುಂಟು. ಆ ಮಾತಿಗೆ ಹೆದರಿ, ಹಾಲು ಕರೆಯುತ್ತಿರುವ ಹಸುವನ್ನು ಮಾರಿಯೋ ಒಡವೆಯನ್ನು ಅಡವಿಟ್ಟೋ ಪಟ್ಟಣದ ನರ್ಸಿಂಗ್ ಹೋಮಿನ ಬಿಲ್ಲನ್ನು ತೀರಿಸುವವರಿದ್ದಾರೆ. ಮತ್ತೊಂದು ಮನೆಯಲ್ಲಿ ಅದೇ ಸರ್ಕಾರಿ ಆಸ್ಪತ್ರೆಯ ಹಿರಿಯ ದಾದಿಯ ಕೈಗುಣವನ್ನು ಹೊಗಳಿ, ಮೂರು ಮಕ್ಕಳೂ ಅಲ್ಲಿಯೇ ಹುಟ್ಟಿದುವೆಂದು ಹೆಮ್ಮೆಯಿಂದ ಹೇಳುವರು. ಮೂರನೆಯ ಮನೆಯವರು ಅಲ್ಲಿಗೇ ಹೋಗುವರು, ಆದರೆ ಗೊಣಗುತ್ತ ಹೋಗುವರು. ಇದು ಕೇವಲ ಅಭಿಪ್ರಾಯಗಳ ಸಂಗತಿ, ವಿಜ್ಞಾನದ ಮಾಸಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಎಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಈ ಅಭಿಪ್ರಾಯಗಳ ಕೆಳಗೆ ಸಂಭವನೀಯತೆಯ ಗಣಿತವಿದೆ, ದ್ರವಗಳ ಹರಿವಿನ ಭೌತಶಾಸ್ತ್ರವಿದೆ, ಅಂಕಿಗಳನ್ನು ಸರಿಯಾಗಿ ಓದುವ ವಿವೇಕವೂ ಬೇಕಾಗುತ್ತದೆ.

ಮೊದಲು, ಸರ್ಕಾರವು ಗರ್ಭಿಣಿಗೆ ನಿಜವಾಗಿ ಏನನ್ನು ಕೊಡಬೇಕಾಗಿದೆಯೆಂಬುದನ್ನು ನೋಡೋಣ. 2005ರ ಏಪ್ರಿಲ್‌ನಲ್ಲಿ ಜನನಿ ಸುರಕ್ಷಾ ಯೋಜನೆ ಬಂದಿತು. ಆಸ್ಪತ್ರೆಯಲ್ಲಿ ಹೆತ್ತರೆ ಬಡ ತಾಯಿಗೆ ಒಂದಿಷ್ಟು ಹಣ ಎಂಬುದು ಅದರ ತಿರುಳು. ಕರ್ನಾಟಕದ ಗ್ರಾಮೀಣ ಭಾಗಕ್ಕೆ ನಿಗದಿಯಾದದ್ದು 700 ರೂಪಾಯಿ. 2008ರ ನವೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ 108ರ ಆಂಬ್ಯುಲೆನ್ಸ್ ಓಡತೊಡಗಿತು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಹೆಜ್ಜೆ 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ. ಇದರಲ್ಲಿ ಬಡವ, ಬಲ್ಲಿದ ಎಂಬ ಭೇದವೇ ಇಲ್ಲ. ಸರ್ಕಾರಿ ಆಸ್ಪತ್ರೆಗೆ ಬಂದ ಯಾವ ಗರ್ಭಿಣಿಗೇ ಆಗಲಿ ಹೆರಿಗೆ ಉಚಿತ, ಸಿಸೇರಿಯನ್ ಶಸ್ತ್ರಕ್ರಿಯೆ ಉಚಿತ. ಔಷಧಿ, ರಕ್ತಪರೀಕ್ಷೆ, ಅಗತ್ಯ ಬಿದ್ದರೆ ರಕ್ತ, ಸಹಜ ಹೆರಿಗೆಯಾದರೆ ಮೂರು ದಿನಗಳ ಮತ್ತು ಸಿಸೇರಿಯನ್ ಆದರೆ ಏಳು ದಿನಗಳ ಊಟ, ಮನೆಯಿಂದ ಆಸ್ಪತ್ರೆಗೆ ಮತ್ತು ಆಸ್ಪತ್ರೆಯಿಂದ ಮನೆಗೆ ವಾಹನ, ಇವೆಲ್ಲವೂ ಉಚಿತ. ಮಗುವಿನ ಚಿಕಿತ್ಸೆಯೂ ಇದರಲ್ಲಿ ಅಡಕ. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಗರ್ಭಿಣಿಯರನ್ನು ವೈದ್ಯರೇ ಪರೀಕ್ಷಿಸುವ ದಿನವೆಂದು ಗೊತ್ತುಮಾಡಲಾಯಿತು. 2017ರಿಂದ ಮೊದಲ ಮಗುವಿನ ತಾಯಿಗೆ ಮಾತೃವಂದನಾ ಯೋಜನೆಯ 5,000 ರೂಪಾಯಿ. ಅದೇ ವರ್ಷದ ಗಾಂಧೀಜಯಂತಿಯಿಂದ ಅಂಗನವಾಡಿಯಲ್ಲಿ ಮಾತೃಪೂರ್ಣದ ಬಿಸಿಯೂಟ. ಪಟ್ಟಿ ಉದ್ದವಾಯಿತು, ಇರಲಿ.

ಇದು ದಾನವೆ?

ನಮ್ಮ ಸೀಮೆಯಲ್ಲಿ ಚೀಟಿ ಹಾಕದ ಮನೆಯಿಲ್ಲ. ಹತ್ತಿಪ್ಪತ್ತು ಜನ ಸೇರಿ ತಿಂಗಳು ತಿಂಗಳು ಹಣ ಕೂಡಿಹಾಕುತ್ತಾರೆ. ಯಾರಿಗೆ ಮುಟ್ಟಾಗಿದೆಯೋ ಅವರು ಚೀಟಿ ಎತ್ತುತ್ತಾರೆ. ಎತ್ತಿದವನನ್ನು ಯಾರೂ ಭಿಕ್ಷುಕನೆನ್ನುವುದಿಲ್ಲ, ಏಕೆಂದರೆ ಅವನ ಹಣವೂ ಅದರಲ್ಲಿದೆ. ಸರ್ಕಾರದ ಆರೋಗ್ಯರಕ್ಷಣೆಯೂ ಒಂದು ದೊಡ್ಡ ಚೀಟಿಯೇ. ಕಿರಾಣಿ ಅಂಗಡಿಯಲ್ಲಿ ಸಾಬೂನು ಕೊಳ್ಳುವ ಕೂಲಿ ಹೆಂಗಸೂ ತೆರಿಗೆಯ ರೂಪದಲ್ಲಿ ಅದಕ್ಕೆ ಕಂತು ಕಟ್ಟಿರುತ್ತಾಳೆ, ತಿಳಿದೋ ತಿಳಿಯದೆಯೋ. ಹಾಲಿನ ಸೊಸೈಟಿಯಂಥ ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಬಂದ ಯಶಸ್ವಿನಿ ಯೋಜನೆಯನ್ನು ನೆನೆಯಿರಿ. ಅದರಲ್ಲಿ ವಂತಿಗೆಯ ರಸೀದಿ ಕೈಗೆ ಬರುತ್ತಿದ್ದುದರಿಂದ ಅದು 'ನಮ್ಮ ಕಾರ್ಡು' ಆಯಿತು. ತೆರಿಗೆಗೆ ಅಂಥ ರಸೀದಿಯಿಲ್ಲ. ಆದುದರಿಂದಲೇ ಅದು ಧರ್ಮವೆಂಬಂತೆ ಕಾಣುತ್ತದೆ.

ಈ ಚೀಟಿ ದೊಡ್ಡದಾಗಿರಬೇಕಾದುದಕ್ಕೆ ಗಣಿತದ ಕಾರಣವೊಂದಿದೆ. ನೂರು ಮಂದಿ ಗರ್ಭಿಣಿಯರಲ್ಲಿ ಸುಮಾರು ಹದಿನೈದು ಮಂದಿಗೆ ತುರ್ತು ವೈದ್ಯಸಹಾಯ ಬೇಕಾಗುವ ತೊಡಕು ಉಂಟಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಬಹುಕಾಲದ ಅಂದಾಜು. ಆ ಹದಿನೈದು ಮಂದಿ ಯಾರೆಂಬುದನ್ನು ಮುಂಗಡವಾಗಿ ಹೇಳಲು ಬರುವಂತಿಲ್ಲ. ಗಟ್ಟಿಮುಟ್ಟಾದ ಹುಡುಗಿಗೂ ತೊಡಕಾಗಬಹುದು. ಅನಿಲದ ಅಣುಗಳ ವಿಷಯದಲ್ಲಿಯೂ ಹೀಗೆಯೇ ಅಲ್ಲವೆ? ಒಂದೊಂದು ಅಣು ಎತ್ತ ಓಡುವುದೆಂದು ಹೇಳಲಾರೆವು, ಆದರೆ ಕೋಟ್ಯಂತರ ಅಣುಗಳು ಪಾತ್ರೆಯ ಗೋಡೆಯ ಮೇಲೆ ಹಾಕುವ ಒತ್ತಡವನ್ನು ನಿಖರವಾಗಿ ಹೇಳಬಲ್ಲೆವು. ನೂರು ಗರ್ಭಿಣಿಯರಿರುವ ಒಂದು ಸಣ್ಣ ಕೂಟದಲ್ಲಿ ತೊಡಕಿನ ಪ್ರಸಂಗಗಳು 15ರ ಆಸುಪಾಸಿನಲ್ಲಿ ಸುಮಾರು 3.6ರಷ್ಟು ಏರಿಳಿಯಬಲ್ಲವು, ಎಂದರೆ ಕಾಲುಭಾಗದ ಏರುಪೇರು. ಹತ್ತು ಸಾವಿರ ಗರ್ಭಿಣಿಯರ ಕೂಟದಲ್ಲಾದರೆ 1,500ರ ಆಸುಪಾಸಿನಲ್ಲಿ ಏರಿಳಿತ 36ರಷ್ಟು ಮಾತ್ರ. ಅದು ಶೇಕಡಾ ಎರಡೂವರೆಗೂ ಕಡಿಮೆ. ಒಂದು ಮನೆಯ ಪಾಲಿಗೆ ಪೂರ್ಣ ಜೂಜಾಗಿರುವ ಸಂಗತಿ ಒಂದು ರಾಜ್ಯದ ಪಾಲಿಗೆ ಆಯವ್ಯಯ ಪಟ್ಟಿಯ ಒಂದು ಸಾಲಾಗಿ ಬಿಡುತ್ತದೆ. ತೊಡಕಿನ ಹೆರಿಗೆಯೊಂದಕ್ಕೆ 60,000 ರೂಪಾಯಿ ತಗಲುವುದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಹಂಚಿಕೊಂಡರೆ ತಲೆಗೆ 9,000. ಹಂಚಿಕೊಳ್ಳದಿದ್ದರೆ ಎಂಬತ್ತೈದು ಮನೆಗಳಿಗೆ ಸೊನ್ನೆ, ಹದಿನೈದು ಮನೆಗಳಿಗೆ ಸಾಲ.

ಹಣದ ಮಾತು ಹೀಗಾಯಿತು. ಹೊತ್ತಿನ ಮಾತು ಅದಕ್ಕಿಂತ ಕಠಿನವಾದುದು. ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿಯುತ್ತದೆ. ಮಗು ಹುಟ್ಟಿ ಮಾಸು ಕಳಚಿದಾಗ ಆ ರಕ್ತನಾಳಗಳ ತುದಿಗಳು ತೆರೆದ ಬಾಯಿಗಳಾಗುತ್ತವೆ. ಆ ಕ್ಷಣದಲ್ಲಿ ತಾಯಿಯನ್ನು ಉಳಿಸುವುದು ಗರ್ಭಕೋಶದ ಸ್ನಾಯು. ಅದರ ಎಳೆಗಳು ರಕ್ತನಾಳಗಳ ಸುತ್ತ ಹೆಣೆದುಕೊಂಡಿದ್ದು, ಸಂಕುಚಿಸಿದೊಡನೆ ಅವುಗಳನ್ನು ದಾರದಿಂದ ಬಿಗಿದಂತೆ ಬಿಗಿಯುತ್ತವೆ. ಫ್ರಾನ್ಸಿನ ವೈದ್ಯನೂ ಭೌತವಿಜ್ಞಾನಿಯೂ ಆಗಿದ್ದ ಪ್ವಾಸೆಯ್ 1840ರ ದಶಕದಲ್ಲಿ ಕಂಡುಹಿಡಿದ ನಿಯಮವನ್ನು ಇಲ್ಲಿ ನೆನೆಯಬಹುದು: ಸಣ್ಣ ನಾಳದಲ್ಲಿ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣ. ನಾಳ ಅರ್ಧಕ್ಕೆ ಕಿರಿದಾದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಜೀವಂತ ನಾಳ ಗಾಜಿನ ಕೊಳವೆಯಲ್ಲವಾದುದರಿಂದ ಲೆಕ್ಕ ಅಷ್ಟು ಚೊಕ್ಕವಾಗಿರದು. ಆದರೂ ಪ್ರಕೃತಿಯ ಉಪಾಯ ಅದೇ. ಸ್ನಾಯು ಸೋತು ಸಡಿಲವಾಗಿಯೇ ಉಳಿದರೆ ಇದೇ ನಿಯಮ ತಿರುಗುಮುರುಗಾಗಿ ಕೆಲಸ ಮಾಡುತ್ತದೆ. ನಿಮಿಷಕ್ಕೆ 100 ಮಿಲಿಲೀಟರು ಹೋದರೂ ಇಪ್ಪತ್ತು ನಿಮಿಷಗಳಲ್ಲಿ ಎರಡು ಲೀಟರು. ತಾಯಿಯ ಮೈಯಲ್ಲಿರುವುದು ಐದಾರು ಲೀಟರು ಮಾತ್ರ. ರಕ್ತಹೀನತೆ ಇರುವವಳಿಗೆ ಇನ್ನೂ ಕಡಿಮೆ ನಷ್ಟವೇ ಸಾಕು. ದೇಶದ ಗರ್ಭಿಣಿಯರಲ್ಲಿ ಶೇಕಡಾ 52.2 ಮಂದಿ ರಕ್ತಹೀನರೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು.

ಸ್ನಾಯುವನ್ನು ಸಂಕುಚಿಸುವ ಮದ್ದು ಆಕ್ಸಿಟೋಸಿನ್. ಅಮೆರಿಕದ ಡು ವಿನ್ಯೋ 1953ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ, 1955ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಬೆಲೆ ಅಲ್ಪ, ಆದರೆ 2ರಿಂದ 8 ಡಿಗ್ರಿ ಸೆಂಟಿಗ್ರೇಡಿನ ತಂಪಿನಲ್ಲಿರದಿದ್ದರೆ ಅದರ ಗುಣ ಕುಂದುತ್ತದೆ. ಹೀಗಾಗಿ ಹಳ್ಳಿಯ ಆರೋಗ್ಯಕೇಂದ್ರದ ರೆಫ್ರಿಜರೇಟರು ಮತ್ತು ಅದಕ್ಕೆ ತಪ್ಪದೆ ಬರುವ ವಿದ್ಯುತ್ತು ಕೂಡ ಹೆರಿಗೆಯ ಸಲಕರಣೆಗಳೇ. ಮದ್ದು ಸಾಲದೆ ಬಂದಾಗ ರಕ್ತ ಬೇಕು, ಶಸ್ತ್ರವೈದ್ಯರು ಬೇಕು. ಮುಳಬಾಗಿಲಿನಿಂದ ಕೋಲಾರಕ್ಕೆ ಸುಮಾರು 30 ಕಿಲೋಮೀಟರು. ಗಂಟೆಗೆ 40ರ ವೇಗದಲ್ಲಿ ಮುಕ್ಕಾಲು ಗಂಟೆ. ಬೈರಕೂರಿನ ಒಳಹಳ್ಳಿಯಿಂದ ಹೊರಡುವವರಿಗೆ ಇನ್ನೂ ಹೆಚ್ಚು. ಇನ್ನು 'ಎಲ್ಲಿಗೆ ಹೋಗೋಣ, ಅಲ್ಲಿ ಬೇಡ, ಇಲ್ಲಿ ಬೇಡ, ಮಾವನವರನ್ನು ಕೇಳೋಣ' ಎಂದು ಅಂಗಳದಲ್ಲಿ ಕಳೆಯುವ ಹೊತ್ತನ್ನು ಇದಕ್ಕೆ ಕೂಡಿಸಿರಿ. ತಾಯಂದಿರ ಮರಣಕ್ಕೆ ಕಾರಣವಾಗುವ ವಿಳಂಬಗಳನ್ನು ಥಡಿಯಸ್ ಮತ್ತು ಮೇನ್ ಎಂಬ ವಿದ್ವಾಂಸೆಯರು 1994ರಲ್ಲಿ ಮೂರಾಗಿ ವಿಂಗಡಿಸಿದರು: ತೀರ್ಮಾನದ ವಿಳಂಬ, ದಾರಿಯ ವಿಳಂಬ, ಆಸ್ಪತ್ರೆಯೊಳಗಿನ ವಿಳಂಬ. ಮೊದಲನೆಯದು ಪೂರ್ತಿಯಾಗಿ ಜನರ ಮನೋಭಾವದಿಂದ ಆಗತಕ್ಕದ್ದು. ಆದರೆ ಆ ಮನೋಭಾವವನ್ನು ಬೆಳೆಸುವುದು ಬಹುಮಟ್ಟಿಗೆ ಮೂರನೆಯದು.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಓದಿದವರು ಹಳ್ಳಿಯವರ ಅಂಜಿಕೆಯನ್ನು ಮೌಢ್ಯವೆಂದು ತಳ್ಳಿಹಾಕುವುದು ಸಾಮಾನ್ಯ. ವಿಯೆನ್ನಾ ನಗರದ ಕಥೆ ಅವರಿಗೆ ತಕ್ಕ ಉತ್ತರ. ಅಲ್ಲಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ಬಡ ಹೆಂಗಸರಿಗಾಗಿ ಎರಡು ಉಚಿತ ಹೆರಿಗೆ ವಿಭಾಗಗಳಿದ್ದುವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. ದಿನ ಬಿಟ್ಟು ದಿನ ಎಂಬಂತೆ ಗರ್ಭಿಣಿಯರನ್ನು ಸರದಿಯಾಗಿ ಸೇರಿಸಿಕೊಳ್ಳುತ್ತಿದ್ದರು. ಮೊದಲನೆಯ ವಿಭಾಗದ ಸರದಿಯ ದಿನ ಬಂದ ಹೆಂಗಸರು ಮೊಣಕಾಲೂರಿ, ತಮ್ಮನ್ನು ಎರಡನೆಯದಕ್ಕೆ ಹಾಕಿರೆಂದು ಬೇಡುತ್ತಿದ್ದರಂತೆ. ಕೆಲವರು ಬೀದಿಯಲ್ಲಿಯೇ ಹೆತ್ತು, ಆ ಬಳಿಕ ಸವಲತ್ತಿಗಾಗಿ ಒಳಗೆ ಬರುತ್ತಿದ್ದರು. ದೊಡ್ಡ ವೈದ್ಯರು ಇದನ್ನು ಹೆಂಗಸರ ಹೆದರಿಕೆಯೆಂದರು. ಇಗ್ನಾಜ್ ಸೆಮೆಲ್ವೈಸ್ ಎಂಬ ತರುಣ ವೈದ್ಯನು ಲೆಕ್ಕ ತೆಗೆದು ನೋಡಿದನು. 1846ರಲ್ಲಿ ಮೊದಲನೆಯ ವಿಭಾಗದಲ್ಲಿ ನೂರಕ್ಕೆ 11.4 ತಾಯಂದಿರೂ ಎರಡನೆಯದರಲ್ಲಿ 2.8 ತಾಯಂದಿರೂ ಬಾಣಂತಿ ಸನ್ನಿಯಿಂದ ಮತ್ತಿತರ ಕಾರಣಗಳಿಂದ ಸತ್ತಿದ್ದರು. ಶವಪರೀಕ್ಷೆ ಮಾಡಿದ ಕೈಗಳಿಂದಲೇ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದುದೇ ಕಾರಣವೆಂದು ಊಹಿಸಿ, 1847ರ ಮೇ ತಿಂಗಳಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದನು. ಏಪ್ರಿಲಿನಲ್ಲಿ ಶೇಕಡಾ 18ರಷ್ಟಿದ್ದ ಮರಣ ಜೂನಿನಲ್ಲಿ 2ರ ಸುಮಾರಿಗೆ ಇಳಿಯಿತು. ಬೀದಿಯಲ್ಲಿ ಹೆತ್ತ ಆ ಅಕ್ಷರ ಬಾರದ ಹೆಂಗಸರು ವೈದ್ಯರಿಗಿಂತ ಮೊದಲೇ ಅಂಕಿಅಂಶವನ್ನು ಗ್ರಹಿಸಿದ್ದರು!

ನಮ್ಮ ಸೂಲಗಿತ್ತಿಯರ ಮೇಲಿನ ನಂಬಿಕೆಯೂ ಬರಿದೆ ಹುಟ್ಟಿದುದಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಒಂದು ಕಾಸನ್ನೂ ಪಡೆಯದೆ ಮಾಡಿಸಿದರೆಂದು ಪ್ರಸಿದ್ಧಿ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು, ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರೂ ಪುಕ್ಕಟೆಯಾಗಿಯೇ ಮಾಡಿದರು, ಆದರೆ ಅದನ್ನು ಯಾರೂ ಕೀಳೆನ್ನಲಿಲ್ಲ. ಎಂದ ಮೇಲೆ ಜನರಿಗೆ ಬೇಡವಾಗಿರುವುದು ಪುಕ್ಕಟೆಯ ಸೇವೆಯಲ್ಲ, ಅದರೊಡನೆ ಬರುವ ಗದರಿಕೆ.

ಹಾಗಾದರೆ ಇಂದಿನ ಭಯ ವಿಯೆನ್ನಾದ ಹೆಂಗಸರ ಭಯದಷ್ಟೇ ನ್ಯಾಯವಾದುದೆ? ಇಲ್ಲಿ ಅಳತೆ ಮಾಡಿ ನೋಡಬೇಕು. ಕರ್ನಾಟಕದಲ್ಲಿ 2004-06ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಅವಧಿಗೆ ಅದು 69ಕ್ಕೆ ಇಳಿದಿತ್ತು. ಇದೇ ವರ್ಷಗಳಲ್ಲಿ ಆಸ್ಪತ್ರೆಯ ಹೆರಿಗೆಗಳು ನೂರಕ್ಕೆ 65ರಿಂದ 97ಕ್ಕೆ ಏರಿದುವು. ಒಂದು ಏರಿತು, ಒಂದು ಇಳಿಯಿತು ಎಂದ ಮಾತ್ರಕ್ಕೆ ಒಂದೇ ಇನ್ನೊಂದಕ್ಕೆ ಪೂರ್ಣ ಕಾರಣವೆನ್ನಲಾಗದು. ರಸ್ತೆ, ಓದು, ತಡವಾದ ಮದುವೆ ಇವೂ ಜೊತೆಗೂಡಿವೆ. ಆದರೂ ಮನೆಯ ಕತ್ತಲೆಕೋಣೆಗಿಂತ ಆಸ್ಪತ್ರೆ ಕ್ಷೇಮವೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕೇರಳದಲ್ಲಿ ಅದೇ ಅವಧಿಯ ಅಂಕಿ 19. ನಾವು ಹೋಗಬೇಕಾದ ದೂರ ಇನ್ನೂ ಇದೆ.

'ಸತ್ತವರೆಲ್ಲ ಗೌರ್ಮೆಂಟ್ ಆಸ್ಪತ್ರೆಯಲ್ಲೇ ಸತ್ತರು' ಎಂಬ ಮಾತನ್ನು ಕೇಳಿದಾಗ ವಿದ್ಯಾರ್ಥಿಗಳು ಒಂದು ಕ್ಷಣ ನಿಲ್ಲಬೇಕು. ಎರಡು ಆಸ್ಪತ್ರೆಗಳನ್ನು ಕಲ್ಪಿಸಿಕೊಳ್ಳಿ, ಒಂದು ಖಾಸಗಿ, ಒಂದು ಸರ್ಕಾರಿ. ಎರಡಕ್ಕೂ ಸಾವಿರ ಗರ್ಭಿಣಿಯರು ಬರುತ್ತಾರೆ. ಖಾಸಗಿಯವರು ತಮ್ಮ ಕೈಮೀರಿದ ಇಪ್ಪತ್ತು ಮಂದಿಯನ್ನು ಕೊನೆಗಳಿಗೆಯಲ್ಲಿ ಸರ್ಕಾರಿ ಆಸ್ಪತ್ರೆಗೆ ಸಾಗಿಸುತ್ತಾರೆ. ಅವರಲ್ಲಿ ಇಬ್ಬರು ಉಳಿಯದಿದ್ದರೆ ಆ ಎರಡು ಸಾವು ಯಾರ ಲೆಕ್ಕಕ್ಕೆ ಬರೆಯಲ್ಪಡುತ್ತದೆ? ಖಾಸಗಿಯ ಪುಸ್ತಕದಲ್ಲಿ ಸೊನ್ನೆ ಹಾಗೆಯೇ ಉಳಿಯುತ್ತದೆ. ಭಾರವಾದ ಕಲ್ಲುಗಳೆಲ್ಲ ಒಂದೇ ತಟ್ಟೆಗೆ ಬಿದ್ದಾಗ ತಕ್ಕಡಿಯನ್ನು ದೂರಿ ಪ್ರಯೋಜನವಿಲ್ಲ. ಇನ್ನೊಂದು ಅಂಕಿಯನ್ನೂ ಇದರೊಡನೆ ಓದಬೇಕು: 2019-21ರ ಸಮೀಕ್ಷೆಯಂತೆ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ನೂರಕ್ಕೆ 47.4 ಸಿಸೇರಿಯನ್, ಸರ್ಕಾರಿಯಲ್ಲಿ 14.3. ಕಷ್ಟದ ಪ್ರಸಂಗಗಳು ಸರ್ಕಾರಿ ಕಡೆಗೆ ಹರಿದುಬರುತ್ತಿರುವಾಗಲೂ ಚಾಕು ಹೆಚ್ಚಾಗಿ ಆಡುತ್ತಿರುವುದು ಮತ್ತೊಂದು ಕಡೆ. ಹಣ ಕೊಟ್ಟುದಕ್ಕೆ ಹೆಚ್ಚು ಚಿಕಿತ್ಸೆ ದೊರೆಯಿತೆಂಬುದು ನಿಜ. ಬೇಕಾದುದೇ ದೊರೆಯಿತೆ ಎಂಬುದು ಬೇರೆ ಪ್ರಶ್ನೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನು ಮುಚ್ಚಿಡುವುದು ಅಪ್ರಾಮಾಣಿಕವಾಗುತ್ತದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡಾಗ, ಸರಬರಾಜಾಗಿದ್ದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂದೇಹ ಬಂದು ರಾಜ್ಯವೇ ಕಳವಳಗೊಂಡಿತು. ಆ ಸುದ್ದಿ ಓದಿದ ಗರ್ಭಿಣಿಗೆ ನಾನು ಸಂಭವನೀಯತೆಯ ಪಾಠ ಹೇಳಲಾರೆ. ಬಾಟಲಿಯೊಳಗಿನ ದ್ರಾವಣ ಶುದ್ಧವೆಂದು ತೋರಿಸಬೇಕಾದ ಹೊಣೆ ಕೊಡುವವರದು, ನಂಬಬೇಕಾದ ಹೊಣೆ ತೆಗೆದುಕೊಳ್ಳುವವಳದಲ್ಲ. ಉಚಿತವೆಂಬ ಮಾತೂ ಪೂರ್ಣ ನಿಜವಲ್ಲ. ಅದೇ ಸಮೀಕ್ಷೆಯಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆಯೊಂದಕ್ಕೆ ದೇಶದ ತಾಯಂದಿರು ಸರಾಸರಿ 2,916 ರೂಪಾಯಿಗಳನ್ನು ಕೈಯಿಂದ ಖರ್ಚು ಮಾಡಿದ್ದರು. ಹೊರಗಿನಿಂದ ತಂದ ಔಷಧಿ, ಬಾಡಿಗೆ ವಾಹನ, ಜೊತೆಗೆ ಬಂದವರ ಊಟ, ಇವು ಹೇಳಬಹುದಾದ ಬಾಬುಗಳು. ಗಂಡುಮಗುವಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ಕೈಯೊಡ್ಡುವ 'ಮಾಮೂಲು' ಎಂಬ ಬಾಬನ್ನು ರಸೀದಿಯಿಲ್ಲದಿದ್ದರೂ ಎಲ್ಲರೂ ಬಲ್ಲರು. ಧರ್ಮವೆಂದು ಹೆಸರಿಟ್ಟು ಕೂಲಿ ಕೇಳುವುದು ಎಂಥ ಧರ್ಮ?

ಹೊರದೇಶಗಳಲ್ಲಿಯೂ ಈ ತಳಮಳವುಂಟು. ಅಮೆರಿಕದಲ್ಲಿ 1965ರಲ್ಲಿ ಬಡವರಿಗೆಂದು ಏರ್ಪಟ್ಟ ಮೆಡಿಕೇಡ್ ಇಂದು ಹತ್ತು ಹೆರಿಗೆಗಳಲ್ಲಿ ಸುಮಾರು ನಾಲ್ಕಕ್ಕೆ ಹಣ ತೆರುತ್ತದೆ. ಆದರೂ ಅದನ್ನು ಬಳಸುವ ಗರ್ಭಿಣಿಯರು ಕೀಳುನೋಟವನ್ನು ಎದುರಿಸುವುದುಂಟು, ಏಕೆಂದರೆ ಅದು ಬಡವರ ಬಾಗಿಲು. ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆಗೆ ಒಂದೇ ಬಾಗಿಲು. ವಕೀಲನ ಹೆಂಡತಿಯೂ ಗಣಿಗಾರನ ಹೆಂಡತಿಯೂ ಒಂದೇ ವಾರ್ಡಿನಲ್ಲಿ ಹೆರುವುದರಿಂದ ಅಲ್ಲಿ ನಾಚಿಕೆಗೆ ಎಡೆ ಕಡಿಮೆ. ನಮ್ಮ 2011ರ ಕಾರ್ಯಕ್ರಮವೂ ಕಾಗದದ ಮೇಲೆ ಎರಡನೆಯ ಜಾತಿಯದೇ. ತಹಸೀಲ್ದಾರರ ಮನೆಯವರೂ ಕಾಲೇಜು ಉಪನ್ಯಾಸಕರ ಮನೆಯವರೂ ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಲಿಕ್ಕೆ ಹೋದ ದಿನ ಅಲ್ಲಿನ ಕಕ್ಕಸುಗಳು ತಾವಾಗಿ ಶುಚಿಯಾಗುವುವೆಂಬುದು ನನ್ನ ಗುಮಾನಿ.

ಕಾರ್ಡಿನ ವಿಷಯ ಇನ್ನೂ ಉಳಿದಿದೆ. ಆಶಾ ಕಾರ್ಯಕರ್ತೆಯೋ ಆರೋಗ್ಯ ಸಹಾಯಕಿಯೋ ಹೆಸರು ಬರೆದುಕೊಂಡು ಗರ್ಭಿಣಿಗೆ ತಾಯಿ ಕಾರ್ಡನ್ನು ಕೊಡುತ್ತಾರೆ. ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡ, ಚುಚ್ಚುಮದ್ದುಗಳೆಲ್ಲ ಅದರಲ್ಲಿ ದಾಖಲಾಗುತ್ತವೆ. ಅಪರಿಚಿತ ವೈದ್ಯರಿಗೆ ಅದು ಗರ್ಭಿಣಿಯ ಒಂಬತ್ತು ತಿಂಗಳ ಚರಿತ್ರೆಯನ್ನು ಅರ್ಧ ನಿಮಿಷದಲ್ಲಿ ಹೇಳಬಲ್ಲದು. ಅದರ ಬೆಲೆ ಅದೇ. ಅದು ಬಾಗಿಲಿನ ಟಿಕೆಟ್ಟಲ್ಲ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ತಾಯಿ ಕಾರ್ಡೂ ಆಧಾರ್ ಕಾರ್ಡೂ ಇಲ್ಲವೆಂದು ಆಸ್ಪತ್ರೆಯಿಂದ ಹಿಂದಿರುಗಿಸಲ್ಪಟ್ಟ ಬಡ ಗರ್ಭಿಣಿಯೊಬ್ಬಳು ಮನೆಯಲ್ಲಿ ಅವಳಿ ಮಕ್ಕಳೊಡನೆ ಸತ್ತಳೆಂಬ ವರದಿ ನಾಡನ್ನೆಲ್ಲ ನಡುಗಿಸಿತು. ಸಂಬಂಧಪಟ್ಟವರು ಅಮಾನತಾದರು. ತುರ್ತಿನಲ್ಲಿ ಬಂದ ಗರ್ಭಿಣಿಯನ್ನು ಯಾವ ಕಾಗದವನ್ನೂ ಕೇಳದೆ ಸೇರಿಸಿಕೊಳ್ಳಬೇಕೆಂಬುದನ್ನು ಸರ್ಕಾರ ಮತ್ತೆ ಒತ್ತಿ ಹೇಳಬೇಕಾಯಿತು.

ಬೈರಕೂರಿನಂಥ ಗಡಿಯ ಹೋಬಳಿಗೆ ಇದರಲ್ಲಿ ವಿಶೇಷವಾದ ತೊಡಕೊಂದಿದೆ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ನಮ್ಮಲ್ಲಿ ವಾಡಿಕೆ. ಇಲ್ಲಿನ ಎಷ್ಟೋ ಸೊಸೆಯರ ತವರು ಪುಂಗನೂರು, ಪಲಮನೇರು ಕಡೆ. ಅಲ್ಲಿನ ಸೊಸೆಯರ ತವರು ಈ ಕಡೆ. ಏಳನೆಯ ತಿಂಗಳಿನಲ್ಲಿ ಸೀಮಂತ ಮುಗಿಸಿಕೊಂಡು ಹೊರಟವಳ ಹೆಸರು ಒಂದು ರಾಜ್ಯದ ಪುಸ್ತಕದಲ್ಲಿ, ಹೆರಿಗೆ ಇನ್ನೊಂದು ರಾಜ್ಯದ ಆಸ್ಪತ್ರೆಯಲ್ಲಿ. 'ನಮ್ಮ ಕಾರ್ಡು ಅಲ್ಲಿ ನಡೆಯುವುದಿಲ್ಲ' ಎಂದು ಭಾವಿಸಿ ನೇರವಾಗಿ ಖಾಸಗಿಗೆ ಹೋಗಿ ಸಾಲ ಮಾಡುವುದು ಇಂಥ ಕುಟುಂಬಗಳಲ್ಲಿ ಆಗತಕ್ಕ ತಪ್ಪು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಕೇಂದ್ರದ್ದಾದುದರಿಂದ ಗಡಿಯ ಎರಡೂ ಮಗ್ಗುಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಹೆರಿಗೆ ಸಲ್ಲುತ್ತದೆ. 108 ಎಂಬ ಕರೆಸಂಖ್ಯೆ ಆಂಧ್ರದಲ್ಲಿಯೂ ಅದೇ. ತವರಿಗೆ ಹೋಗುವಾಗ ಸೀರೆ, ಬಳೆ, ಸಿಹಿತಿಂಡಿಯ ಬುಟ್ಟಿಯೊಡನೆ ತಾಯಿ ಕಾರ್ಡನ್ನೂ ಕಟ್ಟಿಕೊಂಡು, ಹೋದ ವಾರದಲ್ಲಿಯೇ ಅಲ್ಲಿನ ಆಶಾ ಕಾರ್ಯಕರ್ತೆಗೆ ತೋರಿಸಿ ಹೆಸರು ಬರೆಸಬೇಕು. ಹತ್ತಿರದಲ್ಲಿ ರಕ್ತ ದೊರೆಯುವ ಆಸ್ಪತ್ರೆ ಯಾವುದೆಂದು ಅವರನ್ನು ಅಂದೇ ಕೇಳಿ, ಮನೆಯ ಗಂಡಸರಿಗೂ ತಿಳಿಸಿಡಬೇಕು.